ಮಣ್ಣಿಲ್ಲದ ಗರಡಿ

ಮೈಸೂರಿನ ನಮ್ಮ ಬೀದಿಯ ಗರಡಿಮನೆಯ ಬಗ್ಗೆ ಯಾರಾದರೂ ಕೇಳಿದರೆ ನಾನು ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲೆ. ಅದರ ಬಾಗಿಲು ಎಷ್ಟು ಗಿಡ್ಡ, ಎಂಥಾ ಆರಡಿ ಪೈಲ್ವಾನನೂ ಹೇಗೆ ತಲೆ ತಗ್ಗಿಸಿಕೊಂಡೇ ನುಗ್ಗಬೇಕಿತ್ತು, ಬೆಳಗಿನ ಹೊತ್ತು ಒಳಗಿನಿಂದ ತೊಡೆ ತಟ್ಟುವ ಸದ್ದು ಹೇಗೆ ಕೇಳುತ್ತಿತ್ತು, ಶನಿವಾರದ ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ಹಂಚುತ್ತಿದ್ದ ನೆನೆಸಿದ ಕಡಲೆಗೆ ಎಷ್ಟು ಬೆಲ್ಲ ಹಾಕಿರುತ್ತಿದ್ದರು, ಎಲ್ಲ ಹೇಳಬಲ್ಲೆ. ಒಳಗೆ ಹೇಗಿತ್ತು ಅಂತ ಮಾತ್ರ ಕೇಳಬೇಡಿ. ನಾನು ಒಳಗೆ ಹೋಗಿಲ್ಲ. ಹೆಣ್ಣುಮಕ್ಕಳು ಆ ಹೊಸಲು ದಾಟುವ ಹಾಗಿರಲಿಲ್ಲ. ಆ ಗರಡಿಯ ಉಸ್ತಾದ್ ನನ್ನ ಅಪ್ಪ.

ಹೊಟ್ಟೆಪಾಡಿಗೆ ಅಪ್ಪನಿಗೆ ಸೈಕಲ್ ಶಾಪಿತ್ತು. ಅಂಗಡಿಯಲ್ಲಿ, ಮನೆಯಲ್ಲಿ ಅಪ್ಪ ಮಾತಾಡುತ್ತಿದ್ದದ್ದೇ ಕಮ್ಮಿ. ಸಾರಿಗೆ ಉಪ್ಪು ಜಾಸ್ತಿಯಾದರೂ ತುಟಿ ಬಿಚ್ಚದೆ ಉಂಡು ಏಳುವ ಮನುಷ್ಯ. ಅದೇ ಮನುಷ್ಯ ಗರಡಿಯ ಗೋಡೆಯಾಚೆ ಹುಡುಗರನ್ನು ಬೈಯುತ್ತಿದ್ದ, ಹುರಿದುಂಬಿಸುತ್ತಿದ್ದ, ಒಬ್ಬೊಬ್ಬನ ಸೊಂಟ, ಕಾಲು, ಉಸಿರು ಎಲ್ಲದರ ಬಗ್ಗೆ ತಾಸುಗಟ್ಟಲೆ ಹೇಳುತ್ತಿದ್ದ. ನಾನು ಹೊರಗಿನ ಜಗಲಿಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಚಿಕ್ಕಪ್ಪನ ಮಗ, ಮೂಗು ಒರೆಸಿಕೊಳ್ಳಲೂ ಬಾರದವನು, ನನ್ನ ಕಣ್ಣೆದುರೇ ಕಾಚ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದ. ಹೊಟ್ಟೆ ಉರಿದುಹೋಗುತ್ತಿತ್ತು. ನನಗೆ ಬೇಕಿದ್ದದ್ದು ಕುಸ್ತಿ ಅಲ್ಲ, ಅಥವಾ ಬರೀ ಕುಸ್ತಿ ಅಲ್ಲ. ಆ ಹುಡುಗರನ್ನು ಅಪ್ಪ ಯಾವ ಕಣ್ಣಲ್ಲಿ ನೋಡುತ್ತಿದ್ದನೋ ಆ ಕಣ್ಣಲ್ಲಿ ನನ್ನನ್ನು ಒಂದು ಸಲ ನೋಡಬೇಕಿತ್ತು. ಮಗಳು ಅಂತ ಪ್ರೀತಿ ಇತ್ತು, ಅದರಲ್ಲಿ ಕಡಿಮೆ ಮಾಡಲಿಲ್ಲ. ಆದರೆ ಅದು ಬೇರೆ, ಇದು ಬೇರೆ.

ಮದುವೆಯಾಗಿ ಅಮೆರಿಕದ ಸಿಯಾಟಲ್ ಕಡೆ ಬಂದೆ. ರೆಂಟನ್‌ನಲ್ಲಿ ಬಾಡಿಗೆ ಕಡಿಮೆ ಅಂತ ಅಲ್ಲಿ ಮನೆ ಹಿಡಿದೆವು. ಕೆಲಸ ಮಾಡುವ ಪರವಾನಗಿ ಇಲ್ಲದ ವೀಸಾದಲ್ಲಿ ಕೆಲವು ವರ್ಷ ಅಪಾರ್ಟ್‌ಮೆಂಟಿನ ಕಿಟಕಿಯಿಂದ ವಿಮಾನ ನೋಡುತ್ತಾ ಕೂತಿದ್ದಾಯಿತು. ಆ ಬೇಜಾರಿಗೇ ಕಮ್ಯುನಿಟಿ ಕಾಲೇಜಿಗೆ ಸೇರಿ ಅನಿಮೇಷನ್ ಕಲಿತೆ. ಪರವಾನಗಿ ಸಿಕ್ಕಿದ ಮೇಲೆ ಲಿನ್‌ವುಡ್‌ನಲ್ಲಿ ಶಾಪಿಂಗ್ ಸೆಂಟರುಗಳ ಹಿಂದಿದ್ದ ಒಂದು ಸಣ್ಣ ಸ್ಟುಡಿಯೋದಲ್ಲಿ ಕೆಲಸವೂ ಸಿಕ್ಕಿತು. ವಿಡಿಯೋ ಗೇಮುಗಳಿಗಾಗಿ ಮನುಷ್ಯರ ಚಲನೆಯನ್ನು ಹಿಡಿದಿಡುವ ಜಾಗ ಅದು. ನಟರಿಗೆ ಮೈಗಂಟುವ ಕಪ್ಪು ಬಟ್ಟೆ ತೊಡಿಸಿ, ಕೀಲುಕೀಲಿಗೂ ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸುತ್ತಿದ್ದರು. ಸುತ್ತ ಕಟ್ಟಿದ ಕ್ಯಾಮೆರಾಗಳಿಗೆ ಮನುಷ್ಯ ಕಾಣುವುದಿಲ್ಲ, ಆ ಗುಂಡುಗಳು ಮಾತ್ರ ಕಾಣುತ್ತವೆ. ಕಂಪ್ಯೂಟರಿನ ಪರದೆಯ ಮೇಲೆ ಒಂದು ಹಿಡಿ ಚುಕ್ಕೆಗಳು ನಡೆಯುತ್ತವೆ, ಓಡುತ್ತವೆ, ಬೀಳುತ್ತವೆ. ಯಾವ ಚುಕ್ಕೆ ಮೊಣಕೈ, ಯಾವುದು ಹಿಮ್ಮಡಿ ಅಂತ ಗುರುತಿಸಿ, ಕಳೆದುಹೋದದ್ದನ್ನು ತುಂಬಿ, ಚುಕ್ಕೆಗಳಿಂದ ಮತ್ತೆ ಒಂದು ಆಳು ಮಾಡುವುದು ನನ್ನ ಕೆಲಸ. ಅಕ್ಕಿ ಆರಿಸುವ ಕೆಲಸವೇ. ನನಗೆ ಅದು ಹಿಡಿಸಿತು.

ಒಂದು ಭಾನುವಾರ ಫೋನಿನಲ್ಲಿ ಅಪ್ಪ ಎರಡು ವಿಷಯ ಹೇಳಿದ. ಗರಡಿಗೆ ಹುಡುಗರು ಬರುವುದು ನಿಂತಿದೆ, ಮಟ್ಟಿ ತೋಡುವವರೂ ಇಲ್ಲ ಅಂದ. ಮಟ್ಟಿ ಅಂದರೆ ಕುಸ್ತಿಯ ಕೆಮ್ಮಣ್ಣಿನ ಗುಂಡಿ, ದಿನಾ ಅಗೆದು ಹದ ಮಾಡದಿದ್ದರೆ ಗಟ್ಟಿಯಾಗಿಬಿಡುತ್ತದೆ. ಎರಡನೆಯದನ್ನು ಹವಾಮಾನ ಹೇಳುವ ಹಾಗೆ ಹೇಳಿದ: ಮಂಡಿ ಚಿಪ್ಪು ಸವೆದಿದೆಯಂತೆ, ಬದಲಾಯಿಸಬೇಕಂತೆ, ಆಮೇಲೆ ಬಸ್ಕಿ ಹೊಡೆಯುವ ಹಾಗಿಲ್ಲವಂತೆ.

"ಯಾವಾಗ ಮಾಡಿಸ್ತೀಯಪ್ಪ?"

"ಮಳೆಗಾಲ ಮುಗೀಲಿ, ನೋಡಾನ."

ಫೋನಿಟ್ಟ ಮೇಲೂ ಅದೇ ಯೋಚನೆ. ಅಪ್ಪನ ಮೈಯಲ್ಲಿದ್ದ ಕುಸ್ತಿ ಬೇರೆಲ್ಲೂ ಇರಲಿಲ್ಲ. ಅಪ್ಪನ ಜೋಡಿ, ಅಂದರೆ ಹರೆಯದಿಂದ ದಿನಾ ಅವನೊಂದಿಗೆ ಮಟ್ಟಿಗಿಳಿಯುತ್ತಿದ್ದ ಗೆಳೆಯ, ತೀರಿಕೊಂಡಾಗಿತ್ತು. ನಾನು ಒಂದು ಸಲವೂ ನೋಡದ ಆ ಕುಸ್ತಿ ಇನ್ನು ಕೆಲವು ತಿಂಗಳಲ್ಲಿ ಯಾರಿಗೂ ಕಾಣದ ಹಾಗೆ ಮುಗಿದುಹೋಗುವುದರಲ್ಲಿತ್ತು. ನಾನಾದರೋ ಇಲ್ಲಿ ದಿನಾ ಯಾರ ಯಾರದೋ ಮೊಣಕೈ ಹಿಡಿದಿಡುತ್ತಾ ಕೂತಿದ್ದೆ. ಊರಿನ ಮಳೆಗಾಲ ಅಂದರೆ ಇಲ್ಲಿ ಬೇಸಿಗೆ; ಆ ಬೇಸಿಗೆಗೆ ಅಪ್ಪನನ್ನು ಕರೆಸಿಕೊಂಡೆ. ತಮ್ಮನ ಹೆಂಡತಿಯ ಬಾಣಂತನ ಇತ್ತು ಅಂತ ಅವ್ವ ಬರಲಿಲ್ಲ.

ನಮ್ಮ ಸ್ಟುಡಿಯೋದ ಯಜಮಾನ ಮೊದಲು ವಿಮಾನ ಕಾರ್ಖಾನೆಯಲ್ಲಿದ್ದವನು, ದೊಡ್ಡ ಆಳು, ನಿಧಾನದವನು. ವಿಷಯ ಹೇಳಿ ಶನಿವಾರಗಳಲ್ಲಿ ಜಾಗ ಬಿಟ್ಟುಕೊಡುತ್ತೀಯಾ ಅಂತ ಕೇಳಿದೆ. ಅವನು ಮೊದಲು ಕೇಳಿದ್ದು ಅಪ್ಪನ ಮಂಡಿಯ ಬಗ್ಗೆ. ಎಚ್ಚರಿಕೆಯಿಂದ ಮಾಡುತ್ತೇವೆ ಅಂದಮೇಲೆ ಒಪ್ಪಿ, ಕ್ಯಾಮೆರಾ ಮುಂದೆ ತಾನೇ ಕೂರುತ್ತೇನೆ ಅಂದ.

ಅಪ್ಪನನ್ನು ಒಪ್ಪಿಸುವುದು ಕಷ್ಟ ಅಂದುಕೊಂಡಿದ್ದೆ. ಕಷ್ಟವೇ ಆಗಲಿಲ್ಲ. ರೆಂಟನ್ನಿನ ಅಪಾರ್ಟ್‌ಮೆಂಟಿನಲ್ಲಿ ಮಾಡಲು ಕೆಲಸವಿಲ್ಲದೆ ಅವನಿಗೆ ಕೈಕಾಲು ಕಟ್ಟಿಹಾಕಿದ ಹಾಗಾಗಿತ್ತು. ನನ್ನ ಗಂಡನ ಸೈಕಲ್ಲನ್ನು ಬಿಚ್ಚಿ ಜೋಡಿಸಿ, ಮತ್ತೆ ಬಿಚ್ಚಿ ಜೋಡಿಸಿ ಮುಗಿಸಿದ್ದ. ಶನಿವಾರ ಬೆಳಿಗ್ಗೆ ಕಾರಿನಲ್ಲಿ ಕರೆದುಕೊಂಡು ಹೋದೆ. ಕಪ್ಪು ಬಟ್ಟೆ ತೊಡಿಸಿ ಗುಂಡು ಅಂಟಿಸುತ್ತಿದ್ದಾಗ ಅಪ್ಪ ಕನ್ನಡಿ ನೋಡಿಕೊಂಡ.

"ಏನವ್ವಾ ಇದು, ಮೈತುಂಬ ಎಲಚಿ ಹಣ್ಣು ಅಂಟಿಸ್ಬುಟ್ಟೆ."

"ಅಲ್ಲಾಡ್ಬೇಡ ಅಪ್ಪ. ಎರಡೂ ಕೈ ಚಾಚಿ ನಿಂತ್ಕೋ. ಕಂಪ್ಯೂಟರ್ ನಿನ್ನ ಗುರ್ತು ಹಿಡೀಬೇಕು."

"ಹೊಲದಾಗೆ ಬೆದರುಬೊಂಬೆ ನಿಲ್ಲಿಸ್ದಂಗೆ" ಅನ್ನುತ್ತಲೇ ಚಾಚಿದ.

ನಡುವಿಗೆ ಬಂದವನು ಬಗ್ಗಿ ನೆಲ ಮುಟ್ಟಿದ. ಮಟ್ಟಿಗಿಳಿಯುವ ಮುಂಚೆ ಮಣ್ಣು ಮುಟ್ಟಿ ಹಣೆಗೂ ಎದೆಗೂ ಒತ್ತಿಕೊಳ್ಳುವುದು ಪದ್ಧತಿ. ಕೈಗೆ ರಬ್ಬರು ಸಿಕ್ಕಿತು. ಬೆರಳು ನೋಡಿಕೊಂಡು, ಸುಮ್ಮನೆ ಎದ್ದು ನಿಂತ. ಆಮೇಲೆ ಶುರು ಮಾಡುವ ಮುಂಚೆ ಎಲ್ಲ ಪೈಲ್ವಾನರೂ ಮಾಡುವುದನ್ನೇ ಮಾಡಿದ. ಫಟಾರ್ ಅಂತ ತೊಡೆ ತಟ್ಟಿದ. ತೊಡೆಗೆ ಅಂಟಿಸಿದ್ದ ಗುಂಡು ಹಾರಿ ಮೂಲೆಗೆ ಹೋಗಿ ಬಿತ್ತು.

ಹುಡುಕಿ ತಂದು ಅಂಟಿಸಿದೆ. ತಟ್ಟಬೇಡ ಅಂದೆ. ಆಗಲಿ ಅಂದ. ದಂಡ ಹೊಡೆದು ಎದ್ದವನೇ ಮತ್ತೆ ತಟ್ಟಿದ. ಇನ್ನೊಂದು ಹಾರಿತು. ಕೋಪ ನೆತ್ತಿಗೇರಿತು ನನಗೆ. ಬಲವಾದ ಅಂಟು ಹಾಕಿದೆವು, ಅದಕ್ಕೂ ಗುಂಡು ನಿಲ್ಲಲಿಲ್ಲ. ಅಪ್ಪ ಬೇಕೆಂದು ಮಾಡುತ್ತಿರಲಿಲ್ಲ. ತಟ್ಟದೆ ಅವನ ಮೈ ಏಳುತ್ತಲೇ ಇರಲಿಲ್ಲ. ಕೊನೆಗೆ ಯಜಮಾನ ಗುಂಡುಗಳನ್ನು ತೊಡೆಯ ಮುಂಭಾಗದಿಂದ ಕಿತ್ತು ಪಕ್ಕಕ್ಕೆ ಸರಿಸಿದ. ತಟ್ಟಲಿ ಬಿಡು, ಅದೂ ಇರಲಿ ಅಂದ. ಆಗ ನನ್ನ ಕೋಪವೂ ಇಳಿಯಿತು.

ಒಂಟಿಯಾಗಿ ಮಾಡುವುದೆಲ್ಲ ಚೆನ್ನಾಗಿ ಬಂತು. ದಂಡ, ನಿಧಾನದ ಬಸ್ಕಿ, ಗದೆ ತಿರುಗಿಸುವುದು. ಗದೆಗೆ ಬದಲು ಒಂದು ಕೊಳವೆ ಕೊಟ್ಟಿದ್ದೆವು. ಗೋಡೆಯಾಚೆಯಿಂದ ಬರೀ ಉಸಿರಾಗಿ ಕೇಳಿದ್ದಕ್ಕೆಲ್ಲ ಈಗ ರೂಪ ಬಂದಿತ್ತು. ಓಹೋ ಆ ಉಸಿರು ಇಲ್ಲಿ ಬಿಡುತ್ತಿದ್ದದ್ದು, ಆ ಧಪ್ ಅಂದರೆ ಹೀಗೆ ಹಿಮ್ಮಡಿ ಊರುತ್ತಿದ್ದದ್ದು ಅಂತ ಒಂದೊಂದೇ ಹೊಂದಿಸಿಕೊಂಡು ನೋಡುತ್ತಿದ್ದೆ. ಅಪ್ಪನಿಗೆ ಮಾತ್ರ ಸಮಾಧಾನವಿರಲಿಲ್ಲ. ಬೆವರು ಒರೆಸಿಕೊಂಡು ಕುರ್ಚಿಯಲ್ಲಿ ಕೂತ.

"ಒಬ್ಬನೇ ಮಾಡಿದ್ರೆ ಕಸರತ್ತು ಕಣವ್ವ. ಕುಸ್ತಿ ಅನ್ನಕ್ಕೆ ಇನ್ನೊಬ್ಬ ಇರಬೇಕು. ಇದನ್ನ ಮಡಗಿ ಏನ್ ಮಾಡೀಯೆ?"

ಮುಂದಿನ ಶನಿವಾರ ಯಜಮಾನ ತನಗೆ ಗೊತ್ತಿದ್ದ ಒಬ್ಬ ಸಾಹಸ ಕಲಾವಿದನನ್ನು ಕರೆಸಿದ. ಕಾಲೇಜಿನಲ್ಲಿ ಕುಸ್ತಿ ಆಡಿದ್ದವನಂತೆ. ಒಳ್ಳೆಯವನು, ಅಪ್ಪನಿಗೆ ಬಗ್ಗಿ ನಮಸ್ಕಾರ ಬೇರೆ ಮಾಡಿದ. ಆದರೆ ನಮ್ಮವರು ಕೈ ಮಿಲಾಯಿಸಿ ಹಣೆಗೆ ಹಣೆ ಕೊಟ್ಟು ನಿಲ್ಲುವ ಕುಸ್ತಿಯವರು, ಅವನು ನೇರ ಕಾಲಿಗೆ ಬೀಳುವ ಕುಸ್ತಿಯವನು. ಅಪ್ಪ ಕೈ ಮುಂದೆ ಮಾಡಿದಾಗ ಅವನು ಕೆಳಗೆ ಹೋಗಿರುತ್ತಿದ್ದ. ನಾನು ನಡುವೆ ನಿಂತು ಅಪ್ಪ ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವ ಹೊತ್ತಿಗೆ ಪಟ್ಟು ಮುಗಿದುಹೋಗಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮೂವರೂ ಕೈಚೆಲ್ಲಿದೆವು. ಆ ಹುಡುಗ ಕೈ ಕುಲುಕಿ ಹೊರಟುಹೋದ.

ಅಪ್ಪ ಗುಂಡುಗಳನ್ನು ಕಿತ್ತುಕೊಳ್ಳಲು ಶುರು ಮಾಡಿದ್ದ. ನಾನು ಬಾಯಿ ತಪ್ಪಿ ಅಂದೆನೋ, ಇಷ್ಟು ವರ್ಷ ಕಾದಿದ್ದು ತಾನಾಗಿ ಹೊರಗೆ ಬಂತೋ ಗೊತ್ತಿಲ್ಲ.

"ನಾನು ಬರ್ಲಾ ಅಪ್ಪ?"

ಅಪ್ಪ ತಲೆ ಎತ್ತಿ ನೋಡಿದ. ಎದ್ದು, ಮೈಮೇಲೆ ಅರ್ಧ ಗುಂಡು ಇಟ್ಟುಕೊಂಡೇ ಬಾಗಿಲು ತಳ್ಳಿ ಪಾರ್ಕಿಂಗ್ ಜಾಗಕ್ಕೆ ಹೋಗಿಬಿಟ್ಟ. ಗಾಜಿನಿಂದ ಕಾಣುತ್ತಿದ್ದ. ನಮ್ಮ ಕಾರಿನ ಪಕ್ಕ ನಿಂತು ಅದರ ಟೈರು ನೋಡುತ್ತಿದ್ದ. ಆಗುವುದನ್ನೂ ಕೆಡಿಸಿದೆನಲ್ಲ ಅನ್ನುವ ಹಳಹಳಿ ಒಂದು ಕಡೆ. ಮೂವತ್ತು ದಾಟಿದ ಹೆಂಗಸು ನಾನು, ಇನ್ನೂ ಅಪ್ಪನ ಒಪ್ಪಿಗೆಗೆ ಜಗಲಿ ಕಾಯುತ್ತಿದ್ದೀನಲ್ಲ ಅಂತ ನನ್ನ ಮೇಲೇ ಸಿಟ್ಟು ಇನ್ನೊಂದು ಕಡೆ. ಏನಾಯಿತು ಅಂತ ಯಜಮಾನ ಕೇಳಿದ. ಹೇಳುವುದು ಹೇಗೆ? ಕಾಫಿ ಬೇಕಂತೆ ಅಂದೆ.

ಅಪ್ಪ ವಾಪಸು ಬಂದು ಕಾಲಿನಿಂದ ರಬ್ಬರು ನೆಲವನ್ನು ಉಜ್ಜಿ ನೋಡಿದ.

"ಇಲ್ಲಿ ಮಣ್ಣಿಲ್ವಲ್ಲ?"

"ಇಲ್ಲ."

"ದೇವರ ಪಟಾನೂ ಇಲ್ಲ."

"ಇಲ್ಲ ಅಪ್ಪ."

"ಅಂಗಾದ್ರೆ ಇದು ಗರಡಿ ಅಲ್ಲ. ಬಾ."

ಕುಣಿದಾಡಬೇಕಿತ್ತು ನಾನು. ಅರ್ಧ ಕುಣಿದೆ, ಅರ್ಧ ಚುಚ್ಚಿತು. ಗರಡಿ ಅಲ್ಲ ಅಂತ ತೀರ್ಮಾನ ಮಾಡಿಕೊಂಡ ಮೇಲಷ್ಟೇ ನನ್ನನ್ನು ಒಳಗೆ ಕರೆದ. ಇರಲಿ, ಅಷ್ಟಾದರೂ ಸಿಕ್ಕಿತಲ್ಲ ಅಂತ ಓಡಿಹೋಗಿ ಕಪ್ಪು ಬಟ್ಟೆ ಹಾಕಿಕೊಂಡು ಬಂದೆ. ಯಜಮಾನ ದಪ್ಪ ಚಾಪೆ ಹಾಸಿದ.

ಅಪ್ಪ ಕೈ ಮುಂದೆ ಮಾಡಿದ. ಮಿಲಾಯಿಸಿದೆ. ಒಂದು ಕೈ ನನ್ನ ಕತ್ತಿನ ಹಿಂದೆ ಬಂತು, ಇನ್ನೊಂದು ತೋಳಿನ ಕೆಳಗೆ. ಹಣೆಗೆ ಹಣೆ ತಾಗಿತು. ದೊಡ್ಡವಳಾದ ಮೇಲೆ ಅಪ್ಪನನ್ನು ಅಷ್ಟು ಹತ್ತಿರದಿಂದ ನೋಡಿದ್ದು ನೆನಪಿಲ್ಲ. ಕಿವಿಯ ಮೇಲಿನ ಹಳೆಯ ಗಾಯ, ಬಿಳಿ ಹುಬ್ಬು, ಬೀಡಿ ಬಿಟ್ಟ ಮೇಲೆ ಅಗಿಯುವ ಲವಂಗದ ವಾಸನೆ.

"ಸೊಂಟ ತಗ್ಗಿಸು. ಇನ್ನೂ. ನನ್ನ ಕಣ್ ನೋಡ್ಬೇಡ, ಎದೆ ನೋಡು. ಎದೆ ಸುಳ್ಳಾಡಕಿಲ್ಲ. ಈಗ ತಳ್ಳು. ಅಯ್ಯೋ ತಳ್ಳವ್ವ, ನಾನೇನ್ ಸಕ್ಕರೆ ಗೊಂಬೆನಾ?"

ಗೋಡೆಯಾಚೆ ಕೇಳುತ್ತಿದ್ದ ದನಿ ಅದು. ಅದನ್ನು ಕೇಳುತ್ತಾ ತಳ್ಳುವುದನ್ನೇ ಮರೆತು, ಮೊದಲ ಸಲ ದೊಪ್ಪನೆ ಬಿದ್ದೆ. ಆಮೇಲೆ ಎದ್ದು ನಿಂತೆ. ಒಂದೊಂದೇ ಪಟ್ಟನ್ನು ಮೊದಲು ನಿಧಾನವಾಗಿ, ಆಮೇಲೆ ಸ್ವಲ್ಪ ಬೇಗ ತೋರಿಸಿದ. ತಾನು ನನಗೆ ಹಾಕಿದ ಮೇಲೆ ನೀನು ಹಾಕು ಅಂದ. ಅಪ್ಪನ ತೋಳಿನ ಕೆಳಗೆ ನುಗ್ಗಿ, ಸೊಂಟದ ಮೇಲೆ ಹೊತ್ತು ತಿರುಗಿಸಿದೆ. ಅಪ್ಪ ಚಾಪೆಯ ಮೇಲೆ ಬಿದ್ದ. ಯಜಮಾನ ಗಾಬರಿಯಾಗಿ ಎದ್ದೇಬಿಟ್ಟ. ಅಪ್ಪ ಬಿದ್ದಲ್ಲೇ ಮಲಗಿಕೊಂಡು ನಗುತ್ತಿದ್ದ, ಹೊಟ್ಟೆ ಕುಲುಕುವ ಹಾಗೆ. ಆ ಕ್ಯಾಮೆರಾಗಳು ಹಿಡಿದಿಡುವುದು ಚುಕ್ಕೆಗಳನ್ನು ಮಾತ್ರ. ಎದೆಯ ಮೇಲಿನ ಗುಂಡುಗಳು ಸಣ್ಣಗೆ ಮೇಲೆ ಕೆಳಗೆ ಆದದ್ದಷ್ಟೇ ಅವಕ್ಕೆ ಕಂಡಿರಬೇಕು.

ಸೋಮವಾರ ಕಂಪ್ಯೂಟರ್ ಮುಂದೆ ಕೂತಾಗ ತಲೆ ಮೇಲೆ ಕೈ ಹೊತ್ತುಕೊಂಡೆ. ಇಬ್ಬರು ಒಬ್ಬರನ್ನೊಬ್ಬರು ಹಿಡಿದುಕೊಂಡರೆ ಗುಂಡುಗಳು ಮರೆಯಾಗುತ್ತವೆ, ಮತ್ತೆ ಕಾಣಿಸಿಕೊಂಡಾಗ ಯಾವುದು ಯಾರದು ಅಂತ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಅಪ್ಪನ ಮೊಣಕೈ ನನ್ನ ಹೆಗಲಾಗಿತ್ತು. ನನ್ನ ಮಂಡಿ ಅಪ್ಪನ ಕಾಲಿಗೆ ಹೋಗಿ ಸೇರಿತ್ತು. ಒಂದು ಹಿಡಿತದಲ್ಲಿ ಇಬ್ಬರೂ ಸೇರಿ ಒಂದೇ ಚುಕ್ಕೆಗಳ ಮುದ್ದೆಯಾಗಿದ್ದೆವು. ಯಜಮಾನ ಬಂದು ನೋಡಿ, ಒಂಟಿ ಕಸರತ್ತು ಚೊಕ್ಕವಾಗಿದೆ, ಅದನ್ನು ಇಟ್ಟುಕೋ, ಜೋಡಿಯದ್ದನ್ನು ಬಿಟ್ಟುಬಿಡು, ಇದನ್ನು ಬಿಡಿಸುತ್ತಾ ಕೂತರೆ ನಿನ್ನ ಬೇಸಿಗೆ ಮುಗಿಯುತ್ತದೆ ಅಂದ. ಅವನು ಹೇಳಿದ್ದು ಸರಿಯೇ.

ನಾನು ಬಿಡಲಿಲ್ಲ. ಊಟದ ಬಿಡುವಿನಲ್ಲಿ, ಕೆಲಸ ಮುಗಿದ ಮೇಲೆ, ಬೇಗ ಹೊರಟರೂ ಹೆದ್ದಾರಿಯಲ್ಲಿ ಹೇಗೂ ಕಾರುಗಳು ನಿಂತೇ ಇರುತ್ತವಲ್ಲ ಅನ್ನುವ ನೆಪ ಹೇಳಿಕೊಂಡು, ಒಂದೊಂದು ಚುಕ್ಕೆಯನ್ನೂ ಹಿಡಿದು ಇದು ನಿಂದು, ಇದು ನಂದು ಅಂತ ಬೇರೆ ಮಾಡುತ್ತಾ ಹೋದೆ. ಎಲ್ಲಿ ಗುರುತು ಸಿಗುತ್ತಿರಲಿಲ್ಲವೋ ಅಲ್ಲಿ ಎದ್ದು ನಿಂತು ಆ ಪಟ್ಟನ್ನು ಒಬ್ಬಳೇ ಮಾಡಿ ನೋಡುತ್ತಿದ್ದೆ. ಪಕ್ಕದ ಮೇಜಿನವರು ಮೊದಮೊದಲು ನಕ್ಕರು, ಆಮೇಲೆ ಅಭ್ಯಾಸವಾಯಿತು ಅವರಿಗೆ. ಇಷ್ಟು ಕಾಲ ಅಪ್ಪನ ಹತ್ತಿರ ಹೋಗಬೇಕು ಅಂತ ಹಂಬಲಿಸಿದವಳು ಈಗ ದಿನಾ ಕೂತು ಅವನನ್ನು ನನ್ನಿಂದ ಬಿಡಿಸುತ್ತಿದ್ದೆ. ಸಂಕಟವಾಗುತ್ತಿತ್ತು. ಬಿಡಿಸದಿದ್ದರೆ ಅದು ಉಳಿಯುತ್ತಿರಲಿಲ್ಲ.

ಅಪ್ಪ ಹೊರಡುವ ವಾರ ಕೆಲಸ ಮುಗಿಯಿತು. ಚುಕ್ಕೆಗಳಿಂದ ಎರಡು ಆಳು ಮಾಡಿದೆ. ಮುಖವಿಲ್ಲ, ಬಟ್ಟೆಯಿಲ್ಲ, ಇಬ್ಬರಿಗೂ ಒಂದೇ ಬೂದಿ ಬಣ್ಣದ ಮೈ. ಗಂಡು ಹೆಣ್ಣು ಅಂತ ತೋರಿಸುವಂಥದ್ದು ಏನೂ ಇಲ್ಲ. ಶನಿವಾರ ಅಪ್ಪನನ್ನು ಮತ್ತೆ ಲಿನ್‌ವುಡ್ಡಿಗೆ ಕರೆದುಕೊಂಡು ಹೋಗಿ ನನ್ನ ಕುರ್ಚಿಯಲ್ಲಿ ಕೂರಿಸಿ ತೋರಿಸಿದೆ.

ಕನ್ನಡಕ ಹಾಕಿಕೊಂಡು, ಗಲ್ಲಕ್ಕೆ ಕೈ ಕೊಟ್ಟು ನೋಡಿದ. ಮೊದಲು ತನ್ನನ್ನೇ ಗುರುತು ಹಿಡಿದ.

"ಈ ಎಡಗಡೆಯವನು ಮುದುಕ. ಮಂಡಿ ಎಳೆದಾಕ್ತಾ ಅವ್ನೆ ನೋಡು. ಇವನನ್ನ ಮನೆಗೆ ಕಳಿಸ್ಬೇಕು."

ನಕ್ಕೆ. ಅಪ್ಪ ನಗಲಿಲ್ಲ. ಮುಂದಕ್ಕೆ ಬಗ್ಗಿದ್ದ. ಅವನ ಕಣ್ಣು ಬಲಗಡೆಯ ಆಕೃತಿಯ ಮೇಲಿತ್ತು.

"ಇನ್ನೊಂದ್ ಸಲ ಹಾಕು."

ಹಾಕಿದೆ.

"ಈ ಹುಡುಗನ ಸೊಂಟ ನೋಡು. ಹೆಂಗ್ ತಗ್ಸಿ ನಿಂತವ್ನೆ. ತಳ್ಳಿಸ್ಕೊಂಡ್ರೂ ಹಿಮ್ಮಡಿ ಎತ್ತಲ್ಲ. ಇದು ಹೇಳಿಕೊಟ್ಟು ಬರೋದಲ್ಲ." ಬೆರಳಿನಿಂದ ಪರದೆ ಮುಟ್ಟಿ ತೋರಿಸಿದ. "ಬಲಗೈ ಅವಸರ ಮಾಡ್ತಾನೆ, ಅದು ತಿದ್ದಬೌದು. ಒಳ್ಳೇ ಮೈ. ಎಂಟೊಂಬತ್ತು ವಯಸ್ಸಿಗೇ ನನ್ ಕೈಗೆ ಸಿಕ್ಕಿದ್ರೆ ದಸರಾ ಅಖಾಡಕ್ಕೆ ಇಳಿಸ್ತಿದ್ದೆ ಇವನನ್ನ."

ಮರೆತು ಮಾತಾಡುತ್ತಿದ್ದಾನೆ ಅಂದುಕೊಂಡೆ. ವಯಸ್ಸಾಯಿತು, ಬೂದಿ ಬಣ್ಣದ ಗೊಂಬೆಗಳು, ಯಾರು ಯಾವುದು ಅಂತ ತಿಳಿದಿಲ್ಲ, ಆ ಸಾಹಸ ಕಲಾವಿದ ಹುಡುಗ ಅಂದುಕೊಂಡಿರಬೇಕು. ಸುಮ್ಮನಿದ್ದುಬಿಡೋಣ, ಆ ಮಾತನ್ನು ಹಾಗೇ ಇಟ್ಟುಕೊಳ್ಳೋಣ ಅನ್ನಿಸಿತು. ಆಗಲಿಲ್ಲ.

"ಅಪ್ಪ, ಅದು ನಾನು."

ಅಪ್ಪ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡ.

"ಗೊತ್ತು ಕಣವ್ವ" ಅಂದ. "ನೀನು ನನ್ ಕೈಲೇ ಇದ್ಯಲ್ಲ, ಆವಾಗ."

ಪರದೆಯ ಮೇಲೆ ಬಲಗಡೆಯವಳು ಎಡಗಡೆಯವನ ತೋಳಿನ ಕೆಳಗೆ ನುಗ್ಗಿ ಎತ್ತಿ ಕೆಡವಿದಳು. ಅಪ್ಪ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಬಲಗೈ ಎಲ್ಲಿ ಅವಸರ ಮಾಡಿತು ಅಂತ ನನಗೆ ತಿದ್ದಿ ಹೇಳಲು ಶುರು ಮಾಡಿದ.